ಜಗತ್ತಿನ ಇತಿಹಾಸ ಘಟ್ಟದ ಮೇಲಿಂದಲೇ ಶುರುವಾಗಲಿ

ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜುಗಳ ಪ್ರವೇಶ ಶುರುವಾಗುವ ಹೊತ್ತಿಗೆ ಓದುಗರಿಂದ ತಪ್ಪದೇ ಬರುವ ಪ್ರಶ್ನೆಯೊಂದಿದೆ. ಬಿ.ಎ.ಯಲ್ಲಿ ಇತಿಹಾಸ ತೆಗೆದುಕೊಂಡರೆ ನಮ್ಮ ನಾಡಿನ ಕಥೆಯನ್ನಾದರೂ ತಿಳಿದ ಹಾಗಾಗುತ್ತದೆ, ಆದರೆ ಆ ಪ್ರಪಂಚದ ಇತಿಹಾಸವನ್ನು ಓದಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳಿಗೆ ಆಗಬೇಕಾದ್ದೇನು ಎಂಬುದು ಆ ಪ್ರಶ್ನೆ. ಇದನ್ನು ಕೇಳುವವರು ಇತಿಹಾಸದ ವಿರೋಧಿಗಳಲ್ಲ. ಮನೆಯ ಮಕ್ಕಳು ಮೂರು ವರ್ಷ ಒಂದು ವಿಷಯಕ್ಕೆ ಕೊಡುತ್ತಾರೆ ಎಂದಾಗ ಅದರ ಪ್ರಯೋಜನ ಕೇಳುವುದು ಹೆತ್ತವರ ಹಕ್ಕು. ಆದ್ದರಿಂದ ಪ್ರಶ್ನೆಗೆ ನೇರ ಉತ್ತರವನ್ನೇ ಕೊಡಬೇಕು. ನನ್ನ ಉತ್ತರ ಇಷ್ಟು: ಪ್ರಪಂಚದ ಇತಿಹಾಸ ಈ ಮೂರು ತಾಲೂಕುಗಳ ವಿದ್ಯಾರ್ಥಿಗೆ ಬಹಳ ಬೇಕಾದ ವಿಷಯ. ಆದರೆ ಈಗ ಅದನ್ನು ಶುರುಮಾಡುವ ಜಾಗ ಸರಿಯಿಲ್ಲ. ಅದು ಫ್ಲಾರೆನ್ಸಿನಿಂದಲೋ ಪ್ಯಾರಿಸ್ಸಿನಿಂದಲೋ ಹೊರಟು ನಮ್ಮವರೆಗೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಅದೇ ಇತಿಹಾಸ ಅಡಕೆ ತೋಟದ ಮೆಣಸಿನ ಬಳ್ಳಿಯಿಂದ, ಸೋದೆಯ ಕೋಟೆಯಿಂದ, ಅರಬೈಲ್ ಘಟ್ಟದ ರಸ್ತೆಯಿಂದ ಹೊರಟರೆ ವಿದ್ಯಾರ್ಥಿ ತಾನಾಗಿಯೇ ಲಿಸ್ಬನ್, ಮ್ಯಾಂಚೆಸ್ಟರ್, ಮೊಜಾಂಬಿಕ್ ತಲುಪುತ್ತಾನೆ. ಆಗ ಅವನಿಗೆ ಕಾರಣ ಮತ್ತು ಪರಿಣಾಮಗಳ ಸರಪಳಿ ಕಣ್ಣಿಗೆ ಕಾಣುತ್ತದೆ, ಬಾಯಿಪಾಠದ ಹಂಗು ತಪ್ಪುತ್ತದೆ.

ಈಗಿನ ಪಾಠದ ಸ್ವರೂಪವನ್ನು ಮೊದಲು ನೋಡೋಣ. ಪುನರುಜ್ಜೀವನ, ಭೌಗೋಳಿಕ ಅನ್ವೇಷಣೆಗಳು, ಮತಸುಧಾರಣೆ, ಕೈಗಾರಿಕಾ ಕ್ರಾಂತಿ, ಅಮೆರಿಕದ ಸ್ವಾತಂತ್ರ್ಯ ಸಮರ, ಫ್ರಾನ್ಸಿನ ಮಹಾಕ್ರಾಂತಿ, ಎರಡು ಮಹಾಯುದ್ಧಗಳು, ವಿಶ್ವಸಂಸ್ಥೆ ಎಂಬ ಅಧ್ಯಾಯಗಳ ಸಾಲು ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ. ಪ್ರತಿಯೊಂದಕ್ಕೂ ಕಾರಣಗಳು ಐದು, ಪರಿಣಾಮಗಳು ಆರು ಎಂಬ ನೋಟ್ಸ್ ಸಿದ್ಧವಿರುತ್ತದೆ. ಇನ್ನೊಂದು ಪತ್ರಿಕೆಯಲ್ಲಿ ಕರ್ನಾಟಕದ ಇತಿಹಾಸವಿದೆ. ಅಲ್ಲಿ ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ಅನುಕ್ರಮವಾಗಿ ಬಂದು ಹೋಗುತ್ತಾರೆ. ಈ ಎರಡು ಪತ್ರಿಕೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಇದರಿಂದ ವಿದ್ಯಾರ್ಥಿಯ ಮನಸ್ಸಿನಲ್ಲಿ ಎರಡು ತಪ್ಪು ಕಲ್ಪನೆಗಳು ಬೇರೂರುತ್ತವೆ. ಜಗತ್ತನ್ನು ಬದಲಿಸಿದ ಘಟನೆಗಳೆಲ್ಲ ಯುರೋಪಿನಲ್ಲಿ ನಡೆದವು, ನಾವು ಅವುಗಳ ಪರಿಣಾಮ ಉಂಡವರು ಅಷ್ಟೇ ಎಂಬುದು ಒಂದು. ನಮ್ಮ ಊರಿನ ಇತಿಹಾಸವೆಂದರೆ ಅರಸರ ವಂಶಾವಳಿ, ದೇವಸ್ಥಾನ, ಶಾಸನ ಇಷ್ಟೇ ಎಂಬುದು ಇನ್ನೊಂದು. ಇಬ್ಬದಿಯಲ್ಲೂ ಸಾಮಾನ್ಯ ಮನುಷ್ಯನ ಕೆಲಸ, ಬೆಳೆ, ಸಾಲ, ದಾರಿ, ವಲಸೆ ಮರೆಯಾಗುತ್ತವೆ. ಹೆತ್ತವರು ಪ್ರಯೋಜನವೇನು ಎಂದು ಕೇಳುವುದಕ್ಕೆ ಈ ಮರೆಯೇ ಮುಖ್ಯ ಕಾರಣ ಎಂದು ನಾನು ತಿಳಿದಿದ್ದೇನೆ.

ಈ ಸೀಮೆ ಜಗತ್ತಿಗೆ ತೆರೆದುಕೊಂಡದ್ದು ಯುರೋಪಿನ ಹಡಗುಗಳು ಬಂದ ಮೇಲೆ ಎಂದು ತಿಳಿಯುವ ಅಗತ್ಯವಿಲ್ಲ. ಶಿರಸಿ ತಾಲೂಕಿನ ಬನವಾಸಿಯ ಹೆಸರು ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಟಾಲೆಮಿಯ ಭೂಗೋಳ ಗ್ರಂಥದಲ್ಲಿದೆ. ಅಶೋಕನ ಕಾಲದಲ್ಲಿ ವನವಾಸಕ್ಕೆ ರಕ್ಖಿತ ಎಂಬ ಭಿಕ್ಷು ಹೋದನೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಮಹಾರಾಷ್ಟ್ರದ ಲೋಣಾವಳದ ಹತ್ತಿರ ಕಾರ್ಲೆಯಲ್ಲಿ ಬಂಡೆ ಕೊರೆದು ಮಾಡಿದ ದೊಡ್ಡ ಬೌದ್ಧ ಚೈತ್ಯವಿದೆ. ಅದನ್ನು ಪೂರ್ಣಗೊಳಿಸಿದವನು ವೈಜಯಂತಿಯ ಭೂತಪಾಲನೆಂಬ ಶ್ರೇಷ್ಠಿ ಎಂದು ಅಲ್ಲಿಯ ಶಾಸನ ತಿಳಿಸುತ್ತದೆ. ವೈಜಯಂತಿ ಎಂದರೆ ಬನವಾಸಿಯೇ ಎಂಬುದು ಅನೇಕ ವಿದ್ವಾಂಸರ ಮತ. ಅದೇ ಚೈತ್ಯದ ಕಂಬಗಳ ಮೇಲೆ ತಮ್ಮನ್ನು ಯವನರೆಂದು ಹೇಳಿಕೊಂಡ ದಾನಿಗಳ ಹೆಸರುಗಳೂ ಇವೆ. ವ್ಯಾಪಾರದಿಂದ ಬಂದ ಹಣ, ಅದು ಸಾಗಿದ ದಾರಿ, ಆ ದಾರಿಯಲ್ಲೇ ಹರಡಿದ ಧರ್ಮ, ಈ ಮೂರೂ ಒಂದೇ ಗೋಡೆಯ ಮೇಲೆ ಒಟ್ಟಿಗೆ ಸಿಗುವ ಜಾಗ ಅದು. ರೋಮನ್ ಕಾಲದ ಸಮುದ್ರ ವ್ಯಾಪಾರವನ್ನು ಪಾಠ ಮಾಡುವ ಅಧ್ಯಾಪಕರು ಭೂತಪಾಲನಿಂದ ಶುರುಮಾಡಿದರೆ, ಬನವಾಸಿಯ ಜಾತ್ರೆಗೆ ಹೋಗಿ ಬಂದ ವಿದ್ಯಾರ್ಥಿಗೆ ಆ ವ್ಯಾಪಾರ ದೂರದ ಸಂಗತಿಯಾಗಿ ಉಳಿಯುವುದಿಲ್ಲ.

ಇನ್ನು ಭೌಗೋಳಿಕ ಅನ್ವೇಷಣೆಗಳ ಅಧ್ಯಾಯ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದರು ಎಂದು ಎಲ್ಲರೂ ಬರೆಯುತ್ತಾರೆ. ಅವರು ಹುಡುಕಿಕೊಂಡು ಬಂದ ಮೆಣಸು ಬೆಳೆಯುತ್ತಿದ್ದದ್ದು ಎಲ್ಲಿ, ಬೆಳೆದವರು ಯಾರು, ಬಂದರಿಗೆ ಇಳಿಸಿದವರು ಯಾರು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲ. ಮಲೆಯಾಳ ಸೀಮೆಯ ಜೊತೆಗೆ ನಮ್ಮ ಘಟ್ಟದ ಮೇಲಿನ ತೋಟಗಳೂ ಆ ಪ್ರಶ್ನೆಗೆ ಉತ್ತರ. ಅಡಕೆ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಕೊಯ್ದ ಮೆಣಸು ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಮಿರ್ಜಾನದ ಕಡೆಗೆ ಸಾಗುತ್ತಿತ್ತು. ಆ ದಾರಿಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. ಆಕೆ ಅವರೊಂದಿಗೆ ಕಾದಾಡಿದಳು, ವ್ಯವಹಾರವನ್ನೂ ಮಾಡಿದಳು. ಕೊನೆಗೆ 17ನೇ ಶತಮಾನದ ಆರಂಭದಲ್ಲಿ ಆಕೆಯ ಸೀಮೆಯನ್ನು ನುಂಗಿದ್ದು ಕಡಲಾಚೆಯಿಂದ ಬಂದವರಲ್ಲ, ಕೆಳದಿಯ ವೆಂಕಟಪ್ಪ ನಾಯಕ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟು ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿದ. ಒಂದು ಕಾಲದ ರಾಜಧಾನಿ ಹಾಳುಬಿದ್ದು ಮರಗಳು ಬೆಳೆದುಬಿಟ್ಟಿದ್ದನ್ನು ಬರೆದಿಟ್ಟ. ಘಟ್ಟದ ಮೇಲಿನ ಗುಡಿಯೊಂದರ ಜಗಲಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು ಒಬ್ಬರಿಗೊಬ್ಬರು ಲೆಕ್ಕ ಕಲಿಯುತ್ತಿದ್ದುದನ್ನು ನಿಂತು ನೋಡಿ, ಆ ಕ್ರಮವನ್ನು ಮೆಚ್ಚಿ ವಿವರಿಸಿದ. ಈ ಒಂದು ಪ್ರವಾಸಕಥನವನ್ನು ಎದುರಿಗಿಟ್ಟುಕೊಂಡರೆ ಅನ್ವೇಷಣೆಗಳ ಅಧ್ಯಾಯದ ಅರ್ಥವೇ ಬದಲಾಗುತ್ತದೆ. ಯುರೋಪಿನವರು ಕಂಡುಹಿಡಿದದ್ದು ತಮಗೆ ಹೊಸದಾದ ಒಂದು ದಾರಿಯನ್ನು. ಆ ದಾರಿಯ ಈ ತುದಿಯಲ್ಲಿ ಬೆಲೆ ಕೇಳುವ, ಕರಾರು ಮಾಡುವ, ಬೇಡವೆಂದರೆ ಅರಬ್ಬರಿಗೆ ಮಾರುವ ಜನ ಮೊದಲೇ ಇದ್ದರು.

ಸೋದೆಯ ಕಥೆ ಇದಕ್ಕಿಂತ ದೂರ ಹೋಗುತ್ತದೆ. ವಾದಿರಾಜರ ಮಠ, ಶಾಲ್ಮಲೆಯ ಸಹಸ್ರಲಿಂಗ ಎಂದರೆ ಎಲ್ಲರಿಗೂ ಗೊತ್ತು. ಆ ಸೋದೆಯ ಅರಸರ ಸೀಮೆ ಘಟ್ಟದ ಕೆಳಗೆ ಕಾರವಾರದ ಆಚೆಗೂ ಹಬ್ಬಿತ್ತು, ಇಂದು ಗೋವಾದಲ್ಲಿರುವ ಫೋಂಡಾ, ಕಾಣಕೋಣ, ಕೇಪೆ, ಸಾಂಗೆ ಭಾಗಗಳು ಅದರಲ್ಲಿದ್ದವು ಎಂಬುದು ಗೊತ್ತಿರುವವರು ಕಡಿಮೆ. 17ನೇ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದಾಗ ಅವರ ಕಣ್ಣಿದ್ದದ್ದು ಸೋದೆ ಸೀಮೆಯ ಮೆಣಸಿನ ಮೇಲೆ ಮತ್ತು ಹುಬ್ಬಳ್ಳಿ ಕಡೆಯ ಬಟ್ಟೆಯ ಮೇಲೆ. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿಯ ಸೈನ್ಯ ಸೋದೆಯ ಮೇಲೂ ಬಂದಾಗ ಅರಸು ಮನೆತನ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆಯಿತು. ಘಟ್ಟದ ಕೆಳಗಿನ ಆ ಸೀಮೆಗಳು ಪೋರ್ಚುಗೀಸರ ಕೈಗೆ ಹೋದವು, 1791ರ ಒಪ್ಪಂದದಲ್ಲಿ ಅದು ಅಧಿಕೃತವಾಯಿತು. ಗೋವಾದ ಚರಿತ್ರೆಯಲ್ಲಿ ಹೊಸ ಗೆಲುವುಗಳು ಎಂದು ಹೆಸರಾದ ಪ್ರದೇಶದ ಒಂದು ದೊಡ್ಡ ಪಾಲು ಬಂದದ್ದು ಹೀಗೆ. ಶಿರಸಿ ತಾಲೂಕಿನ ಒಂದು ಸಣ್ಣ ರಾಜಧಾನಿಯ ಪತನ ಒಂದು ಯುರೋಪಿಯನ್ ಸಾಮ್ರಾಜ್ಯದ ಗಡಿಯನ್ನು ಬರೆಯಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದಾಗ ಭಾರತಕ್ಕೆ ಸೇರಿದ ನೆಲದಲ್ಲಿ ಸೋದೆಯ ಹಳೆಯ ಸೀಮೆಯೂ ಇತ್ತು. ವಸಾಹತುಶಾಹಿಯ ವಿಸ್ತರಣೆ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಶಿರಸಿಯ ವಿದ್ಯಾರ್ಥಿಗೆ ಬೇರೆ ಬೇಕಿಲ್ಲ.

ಗುಲಾಮರ ವ್ಯಾಪಾರದ ಪಾಠದಲ್ಲಿ ಅಟ್ಲಾಂಟಿಕ್ ಸಾಗರದ ನಕಾಶೆ ಬರುತ್ತದೆ. ಆಫ್ರಿಕದಿಂದ ಬ್ರೆಜಿಲ್‌ಗೆ, ಕೆರಿಬಿಯನ್ ದ್ವೀಪಗಳಿಗೆ, ಅಮೆರಿಕಕ್ಕೆ ಬಾಣದ ಗುರುತುಗಳಿರುತ್ತವೆ. ಹಿಂದೂ ಮಹಾಸಾಗರದ ಕಡೆಗೆ ಬಾಣವಿರುವುದಿಲ್ಲ. ಯಲ್ಲಾಪುರ ತಾಲೂಕಿನ ಕಾಡಂಚಿನ ಊರುಗಳಲ್ಲಿ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿಯ ಕೆಲ ಭಾಗಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಿದ್ಧಿ ಜನರ ಪೂರ್ವಜರು ಆ ಇಲ್ಲದ ಬಾಣದ ದಾರಿಯಲ್ಲೇ ಬಂದವರು. ಅರಬ್ ಮತ್ತು ಪೋರ್ಚುಗೀಸ್ ಹಡಗುಗಳು ಪೂರ್ವ ಆಫ್ರಿಕದಿಂದ ತಂದು ಮಾರಿದವರಲ್ಲಿ ಅನೇಕರು ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರು. 2011ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಪ್ರಕಟಿಸಿದ ವಂಶವಾಹಿ ಅಧ್ಯಯನ ಸಿದ್ಧಿಗಳ ಮೂಲ ಆಫ್ರಿಕದ ಬಾಂಟು ಜನರ ಕಡೆಗಿದೆ ಎಂದು ತೋರಿಸಿತು. ಇಂದು ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ಧಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ಧಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಯಲ್ಲಾಪುರದ ಕಾಲೇಜಿನ ತರಗತಿಯಲ್ಲಿ ಸಿದ್ಧಿ ವಿದ್ಯಾರ್ಥಿ ಕೂತಿರುವಾಗ ಗುಲಾಮಗಿರಿಯನ್ನು ಬರೀ ಅಮೆರಿಕದ ಸಂಗತಿಯೆಂದು ಹೇಳಿ ಮುಗಿಸುವುದು ಪಾಠದ ದೋಷ ಮಾತ್ರವಲ್ಲ, ಆ ವಿದ್ಯಾರ್ಥಿಗೆ ಮಾಡುವ ಅನ್ಯಾಯ. ಜಾಣತನದಿಂದ, ಗೌರವದಿಂದ ಈ ಪಾಠ ಮಾಡಿದರೆ ಅವನ ಮನೆತನದ ಕಥೆಗೆ ಜಗತ್ತಿನ ಇತಿಹಾಸದಲ್ಲಿ ಇರುವ ಜಾಗ ಎಲ್ಲರಿಗೂ ತಿಳಿಯುತ್ತದೆ.

ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷ್ಯ ಹತ್ತಿಯದು. 1861ರಿಂದ 1865ರವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯಿತು. ಅಲ್ಲಿಯವರೆಗೆ ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಆ ದಕ್ಷಿಣ ರಾಜ್ಯಗಳಿಂದ, ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಲ್ಯಾಂಕಶೈರಿನ ಮಗ್ಗಗಳು ನಿಂತವು. ಯುದ್ಧಕ್ಕೆ ಮುಂಚಿನಿಂದಲೇ ಒಂದೇ ದೇಶದ ಹತ್ತಿಯನ್ನು ನಂಬಿ ಕೂತರೆ ಕಷ್ಟವೆಂದು ಕಂಡುಕೊಂಡಿದ್ದ ಮ್ಯಾಂಚೆಸ್ಟರಿನ ವರ್ತಕರು ಧಾರವಾಡ ಸೀಮೆಯ ಹತ್ತಿಯತ್ತ ನೋಡುತ್ತಿದ್ದರು. ಈ ಹತ್ತಿ ಬಂಡಿಗಳಲ್ಲಿ ಶಿರಸಿಯ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿದ್ದುದರಿಂದ ಅದಕ್ಕೆ ಹೊರಗಿನ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರೇ ಬಿದ್ದಿತ್ತು. ವರ್ತಕರ ತಕರಾರು ಏನೆಂದರೆ, ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತದಲ್ಲಿದೆ, ಹತ್ತಿ ಹೋಗಬೇಕಾದ ಕಾರವಾರದ ಬಂದರು ಮದರಾಸು ಪ್ರಾಂತದಲ್ಲಿದೆ, ಎರಡು ಸರಕಾರಗಳ ನಡುವೆ ರಸ್ತೆಯೂ ಆಗುತ್ತಿಲ್ಲ, ಬಂದರೂ ಆಗುತ್ತಿಲ್ಲ. ಈ ಒತ್ತಡ ಫಲ ಕೊಟ್ಟಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿಯುವ ದಾರಿಗೆ ಮಹತ್ವ ಬಂತು. ಯುದ್ಧ ಮುಗಿದು ಅಮೆರಿಕದ ಹತ್ತಿ ಮರಳಿ ಬಂದಾಗ ಬೆಲೆ ಇಳಿಯಿತು. 1880ರ ದಶಕದ ಕೊನೆಯಲ್ಲಿ ರೈಲು ಗೋವೆಯ ಮುರಗಾವಿ ಬಂದರಿಗೆ ಹೋದ ಮೇಲೆ ಕುಮಟಾ, ಕಾರವಾರಗಳ ಹತ್ತಿ ವ್ಯಾಪಾರ ಸೊರಗಿತು. ಆದರೆ ಆಡಳಿತದ ಗಡಿ ಮಾತ್ರ ಹಾಗೇ ಉಳಿಯಿತು. ದಕ್ಷಿಣ ಕನ್ನಡ ಮದರಾಸಿನಲ್ಲಿ, ಉತ್ತರ ಕನ್ನಡ ಮುಂಬೈಯಲ್ಲಿ, 1956ರವರೆಗೆ. ಮುಂಬೈ ಕರ್ನಾಟಕದ ಜಿಲ್ಲೆಗಳಿಗೆಂದು 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂತು. ಶಿರಸಿಯ ಎಂ.ಎಂ. ಕಾಲೇಜಿನ ಹುಡುಗಿಯ ಪದವಿಪತ್ರಕ್ಕೆ ಇಂದಿಗೂ ಧಾರವಾಡದ ಮುದ್ರೆ ಬೀಳುತ್ತದೆ, ಮಂಗಳೂರಿನದಲ್ಲ. ಅದರ ಹಿಂದಿನ ಕಾರಣಗಳಲ್ಲಿ ಒಂದನ್ನು ಹುಡುಕಿ ಹೊರಟರೆ ಮ್ಯಾಂಚೆಸ್ಟರ್ ಮತ್ತು ಮಿಸಿಸಿಪ್ಪಿ ಸಿಗುತ್ತವೆ. ಪ್ರಪಂಚದ ಇತಿಹಾಸ ನಮಗೇಕೆ ಎಂದು ಕೇಳುವವರಿಗೆ ಈ ಒಂದು ಸಂಗತಿಯೇ ಸಾಕು.

ಬ್ರಿಟಿಷರ ಕಾಲದ ಕಾಡಿನ ಕಥೆಯೂ ಹೀಗೇ ದೂರದಿಂದ ಬಂದದ್ದು. ಹಡಗಿಗೂ ರೈಲಿಗೂ ಸಾಗವಾನಿ ಬೇಕಾದಾಗ ಕಾಡನ್ನು ಲೆಕ್ಕ ಹಾಕಿ, ಗಡಿ ಹಾಕಿ ಆಳುವ ವಿದ್ಯೆಯನ್ನು ಇಂಗ್ಲಿಷರು ಜರ್ಮನ್ ತಜ್ಞರಿಂದ ಪಡೆದರು. 1864ರಲ್ಲಿ ಭಾರತದ ಅರಣ್ಯಗಳ ಮಹಾ ನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ಬಾನ್ ನಗರದವನು. ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥ ಗಿಫರ್ಡ್ ಪಿಂಚೋ ಇವನನ್ನು ಗುರುವಿನಂತೆ ಕಂಡವನು. 1878ರ ಅರಣ್ಯ ಕಾಯ್ದೆ ಬಂದು ಮೀಸಲು ಅರಣ್ಯದ ಗೆರೆಗಳು ಬಿದ್ದಾಗ ಕಾಡು ಕಡಿದು ಸುಟ್ಟು ಕುಮರಿ ಬೇಸಾಯ ಮಾಡಿ ಬದುಕುತ್ತಿದ್ದವರ ನೆಲೆ ತಪ್ಪಿತು. ತೋಟಿಗರು ಹೋರಾಡಿ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಸವಲತ್ತು ಉಳಿಸಿಕೊಂಡರು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ಇಲ್ಲಿಯ ಪ್ರತಿ ತೋಟಿಗರ ಮನೆಯಲ್ಲೂ ಪರಿಚಿತ. ಒಂದೇ ಕಾನೂನಿನಡಿ ಒಬ್ಬರಿಗೆ ಬೆಟ್ಟ ಸಿಕ್ಕಿತು, ಇನ್ನೊಬ್ಬರಿಗೆ ಕುಮರಿ ಹೋಯಿತು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರ ಅಪ್ಪಿಕೊಂಡು ಶುರುಮಾಡಿದ ಅಪ್ಪಿಕೋ ಚಳವಳಿಯನ್ನು ಅರ್ಥಮಾಡಿಕೊಳ್ಳಬೇಕಾದರೂ ಈ ನೂರು ವರ್ಷದ ಹಿನ್ನೆಲೆ ಬೇಕು.

ಸಿದ್ದಾಪುರದ ಕರನಿರಾಕರಣೆಯನ್ನೂ ಇದೇ ರೀತಿ ಓದಬಹುದು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ, ಶಿರಸಿ ಭಾಗದ ರೈತರು ಕಂದಾಯ ಕಟ್ಟುವುದಿಲ್ಲವೆಂದು ನಿಂತರು, ಜಮೀನು ಜಪ್ತಿಯಾದರೂ ಬಾಗಲಿಲ್ಲ. ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿ ಜಮೀನು ಕೊಂಡವರ ಮನೆಯೆದುರು ಉಪವಾಸ ಕೂತರು. 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದ ಬಳಿಕ ಜಮೀನುಗಳನ್ನು ಮರಳಿ ಕೊಡಿಸುವ ಕ್ರಮ ನಡೆಯಿತು. ಕರನಿರಾಕರಣೆಯ ಆ ವರ್ಷಗಳಲ್ಲಿ, 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದಾಗಿನಿಂದ, ಜಗತ್ತಿನಾದ್ಯಂತ ಕೃಷಿ ಉತ್ಪನ್ನಗಳ ಬೆಲೆ ಪಾತಾಳಕ್ಕಿಳಿದಿತ್ತು. ಕಂದಾಯ ಮಾತ್ರ ನಗದಿನಲ್ಲೇ ಕಟ್ಟಬೇಕಿತ್ತು. ಬೆಲೆ ಕುಸಿತವೇ ಚಳವಳಿಗೆ ಕಾರಣ ಎಂದರೆ ಆ ಜನರ ತ್ಯಾಗಕ್ಕೆ ಅವಮಾನ. ಬೆಲೆ ಕುಸಿತ ಎಲ್ಲ ಕಡೆಯೂ ಆಗಿತ್ತು, ಕರನಿರಾಕರಣೆ ಎಲ್ಲ ಕಡೆಯೂ ಆಗಲಿಲ್ಲ. ಹಾಗೆಂದು ಆ ಕುಸಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಅವರು ಹೊತ್ತ ಭಾರ ಎಷ್ಟೆಂಬುದು ತಿಳಿಯುವುದಿಲ್ಲ. ಒಂದು ಘಟನೆಗೆ ಹಲವು ಕಾರಣಗಳಿರುತ್ತವೆ, ಅವುಗಳನ್ನು ತೂಗಬೇಕು ಎಂಬ ಈ ಅಭ್ಯಾಸವೇ ವಿಶ್ವವಿದ್ಯಾಲಯದ ಇತಿಹಾಸ ಶಿಕ್ಷಣದ ತಿರುಳು.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಹೀಗೆ ಮಾಡಿದರೆ ಎಲ್ಲದರಲ್ಲೂ ನಮ್ಮೂರನ್ನೇ ಕಾಣುವ ಊರಾಭಿಮಾನ ಬೆಳೆಯುವುದಿಲ್ಲವೇ ಎಂಬುದು. ಅಪಾಯ ನಿಜ. ಮೆಣಸಿನ ರಾಣಿಯನ್ನು ಕೊಂಡಾಡಿ ಸುಮ್ಮನಾದರೆ ಅದು ಜಾತ್ರೆಯ ಭಾಷಣವಾಗುತ್ತದೆ, ಇತಿಹಾಸವಾಗುವುದಿಲ್ಲ. ಪೋರ್ಚುಗೀಸ್ ದಾಖಲೆ ಹೇಳುವ ರಾಣಿಗೂ ಸ್ಥಳೀಯ ಶಾಸನಗಳ ರಾಣಿಗೂ ಜನರ ಬಾಯಲ್ಲಿರುವ ರಾಣಿಗೂ ವ್ಯತ್ಯಾಸವಿದೆ. ಆ ಮೂರನ್ನೂ ಎದುರಿಗಿಟ್ಟು ಯಾವುದನ್ನು ಎಷ್ಟು ನಂಬಬೇಕೆಂದು ವಿಚಾರಿಸುವುದು ಪಾಠ. ಹತ್ತಿರದ ಇತಿಹಾಸದಲ್ಲಿ ಹೆಮ್ಮೆಯ ಜೊತೆಗೆ ನಾಚಿಕೆಯ ಸಂಗತಿಗಳೂ ಸಿಗುತ್ತವೆ. ಸಿದ್ಧಿಗಳನ್ನು ಜೀತಕ್ಕಿಟ್ಟುಕೊಂಡವರಲ್ಲಿ ಇಲ್ಲಿಯ ಒಡೆಯರೂ ಇದ್ದರು. ಅದನ್ನು ಮುಚ್ಚಿಡದೆ ಹೇಳುವ ತರಗತಿ ಊರಾಭಿಮಾನದ ಕಾರ್ಖಾನೆಯಾಗಲಾರದು. ಇನ್ನೊಂದು ಮಾತನ್ನೂ ಒಪ್ಪಬೇಕು. ಚೀನದ ಕ್ರಾಂತಿ, ರಷ್ಯದ ಕ್ರಾಂತಿ, ಇಂಕಾ ಸಾಮ್ರಾಜ್ಯ, ಯಹೂದಿಗಳ ನರಮೇಧ ಇವುಗಳಿಗೆ ಶಿರಸಿಯ ದಾರದ ಎಳೆ ಕಟ್ಟಲು ಹೋದರೆ ನಗೆಪಾಟಲಾಗುತ್ತದೆ. ಅವನ್ನು ಅವುಗಳ ನೆಲೆಯಲ್ಲೇ ಓದಬೇಕು. ಆದರೆ ಹತ್ತಿರದ ಒಂದು ಎಳೆಯನ್ನು ಹಿಡಿದು ದೂರ ನಡೆದವನಿಗೆ ದೂರದ ಕಥೆಯನ್ನೂ ಅದೇ ಎಚ್ಚರದಿಂದ ಓದುವ ಕಣ್ಣು ಬಂದಿರುತ್ತದೆ. ಗುರಿ ಆ ಕಣ್ಣು.

ಎರಡನೆಯ ಆಕ್ಷೇಪ ಸಾಧನಗಳದ್ದು. ತಾಲೂಕು ಕೇಂದ್ರದ ಕಾಲೇಜಿನಲ್ಲಿ ದಾಖಲೆಗಳೆಲ್ಲಿ, ಪೋರ್ಚುಗೀಸ್ ಭಾಷೆ ಬಲ್ಲವರಾರು ಎಂದು ಅಧ್ಯಾಪಕರು ಕೇಳುತ್ತಾರೆ. ಸಂಶೋಧನೆಗೆ ಆ ಭಾಷೆ ಬೇಕು, ನಿಜ. ಪದವಿಯ ಪಾಠಕ್ಕೆ ಬೇಕಿಲ್ಲ. ದೆಲ್ಲಾ ವಾಲ್ಲೆಯ ಭಾರತ ಪ್ರವಾಸ 1892ರಲ್ಲಿ ಹಾಕ್ಲುಯ್ಟ್ ಸೊಸೈಟಿಯಿಂದ ಇಂಗ್ಲಿಷಿನಲ್ಲಿ ಅಚ್ಚಾಗಿದೆ. 1801ರಲ್ಲಿ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಅಡಕೆ ತೋಟ, ಮೆಣಸು, ಕೂಲಿ, ಗೇಣಿ ಎಲ್ಲವನ್ನೂ ಕೇಳಿ ಬರೆದ ಕೃತಿ 1807ರಲ್ಲಿ ಪ್ರಕಟವಾಯಿತು. 1883ರ ಮುಂಬೈ ಗೆಜೆಟಿಯರಿನ ಉತ್ತರ ಕನ್ನಡದ ಸಂಪುಟಗಳಲ್ಲಿ ಬಂದರು, ರಸ್ತೆ, ಬೆಳೆ, ಜಾತಿ, ವ್ಯಾಪಾರದ ವಿವರ ತುಂಬಿದೆ. ಇವೆಲ್ಲ ಇಂದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಗೋವಾ ಮತ್ತು ಕೆನರಾದ ನಡುವಿನ ಪೋರ್ಚುಗೀಸ್ ಸಂಬಂಧಗಳ ಮೇಲೆ ಬಿ.ಎಸ್. ಶಾಸ್ತ್ರಿಯವರ ಸಂಶೋಧನಾ ಗ್ರಂಥವಿದೆ. ಪಣಜಿಯ ಪುರಾಭಿಲೇಖಾಗಾರದಲ್ಲಿ ಪೋರ್ಚುಗೀಸರು ನೆರೆಯ ಅರಸರೊಂದಿಗೆ ನಡೆಸಿದ ಪತ್ರವ್ಯವಹಾರದ ಪುಸ್ತಕಗಳಿವೆ. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಊರಲ್ಲೇ ಮಠಗಳ ಕಡತ, ಹಳೆಯ ಮನೆಗಳ ಲೆಕ್ಕದ ವಹಿ, 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರ್ಸ್ ಸೊಸೈಟಿಯಂಥ ಸಹಕಾರಿ ಸಂಸ್ಥೆಗಳ ದೀರ್ಘ ಇತಿಹಾಸ ಇವೆ. ಜರ್ಮನಿಯ ರೈಫೈಸನ್ ಹಳ್ಳಿಗರಿಗಾಗಿ ಕಟ್ಟಿದ ಸಾಲದ ಸಂಘದ ಮಾದರಿ 1904ರ ಸಹಕಾರ ಕಾಯ್ದೆಯ ಮೂಲಕ ಭಾರತಕ್ಕೆ ಬಂದು, ಇಲ್ಲಿಯ ತೋಟಿಗರ ಕೈಯಲ್ಲಿ ಅಡಕೆ ಮಾರಾಟದ ಬಲವಾದದ್ದು ಒಬ್ಬ ವಿದ್ಯಾರ್ಥಿಗೆ ವರ್ಷವಿಡೀ ಸಾಲುವ ವಿಷಯ. ಕೊರತೆ ಇರುವುದು ಸಾಮಗ್ರಿಯದ್ದಲ್ಲ, ಅದನ್ನು ಪಾಠಕ್ಕೆ ತರುವ ಅಭ್ಯಾಸದ್ದು.

ಮೂರನೆಯದು ಉದ್ಯೋಗದ ಪ್ರಶ್ನೆ. ಇತಿಹಾಸ ಓದಿದರೆ ಕೈಗೆ ನೌಕರಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದಲ್ಲಿ 18ನೇ ಶತಮಾನದಿಂದೀಚಿನ ಪ್ರಪಂಚದ ಇತಿಹಾಸ ಇದೆ, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಅದು ನೆರವು. ಆದರೆ ನನ್ನ ಒತ್ತು ಅದರ ಮೇಲಿಲ್ಲ. ಈ ಮೂರು ತಾಲೂಕುಗಳ ಬದುಕು ಇಂದಿಗೂ ಜಗತ್ತಿನ ಪೇಟೆಗೆ ಕಟ್ಟಿಕೊಂಡಿದೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿಯ ಫಸಲು, ಶ್ರೀಲಂಕಾದ ಮೂಲಕ ಬರುವ ಆಮದು, ಹೊರಗಿನ ಅಡಕೆಗೆ ದೆಹಲಿ ಗೊತ್ತುಮಾಡುವ ಕನಿಷ್ಠ ಆಮದು ಬೆಲೆ ಇವುಗಳ ಸುದ್ದಿ ಬಂದ ದಿನ ಶಿರಸಿ ಪೇಟೆಯಲ್ಲಿ ಮಾತು ಬದಲಾಗುತ್ತದೆ. ಈ ಸಂಬಂಧಗಳು ಹೇಗೆ ಹುಟ್ಟುತ್ತವೆ, ಹೇಗೆ ಮುರಿಯುತ್ತವೆ, ಏರಿದ ಬೆಲೆಯ ಮೇಲೆ ಬದುಕು ಕಟ್ಟಿದವರು ಇಳಿದಾಗ ಏನಾದರು ಎಂಬುದನ್ನು 1860ರ ದಶಕದ ಕುಮಟಾ ಹತ್ತಿಯಿಂದ ಕಲಿತವನು ಸೊಸೈಟಿಯ ನಿರ್ದೇಶಕನಾಗಲಿ, ಪತ್ರಕರ್ತನಾಗಲಿ, ತೋಟವನ್ನೇ ನೋಡಿಕೊಳ್ಳಲಿ, ವಿಚಾರಮಾಡಿ ಹೆಜ್ಜೆಯಿಡುತ್ತಾನೆ. ವಲಸೆ ಬಂದವರ ಬಗ್ಗೆ, ಹೊರಗಿನವರ ಬಗ್ಗೆ ಆವೇಶದ ಮಾತು ಕೇಳಿದಾಗ, ಇದೇ ಕಾಡಿಗೆ ಯಾರು ಯಾರು ಎಲ್ಲಿಂದ ಬಂದರೆಂದು ಬಲ್ಲವನು ಸ್ವಲ್ಪ ತಡೆದು ಯೋಚಿಸುತ್ತಾನೆ. ಪದವಿ ಶಿಕ್ಷಣದಿಂದ ಸಮಾಜ ನಿರೀಕ್ಷಿಸಬೇಕಾದ ಲಾಭ ಇದೇ.

ಇದಕ್ಕೆ ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಈಗಿರುವ ಪ್ರತಿ ಅಧ್ಯಾಯದ ಮೊದಲ ತರಗತಿಯನ್ನು ಅಧ್ಯಾಪಕರು ಹತ್ತಿರದ ಒಂದು ದಾಖಲೆಯಿಂದ ಶುರುಮಾಡಲಿ. ಅನ್ವೇಷಣೆಗಳಿಗೆ ದೆಲ್ಲಾ ವಾಲ್ಲೆಯ ಎರಡು ಪುಟ, ಗುಲಾಮಗಿರಿಗೆ ಸಿದ್ಧಿ ಹಿರಿಯರ ನೆನಪು, ಕೈಗಾರಿಕಾ ಕ್ರಾಂತಿಗೆ ಗೆಜೆಟಿಯರಿನ ಕುಮಟಾ ಬಂದರಿನ ಪುಟ, ಆರ್ಥಿಕ ಮಹಾಕುಸಿತಕ್ಕೆ ಮಾವಿನಗುಂಡಿಯ ಸ್ಮಾರಕ. ಮೂರು ತಾಲೂಕುಗಳ ಕಾಲೇಜುಗಳು ವರ್ಷಕ್ಕೊಮ್ಮೆ ಸೇರಿ ವಿದ್ಯಾರ್ಥಿಗಳ ಕಿರು ಪ್ರಬಂಧಗಳನ್ನು ಕನ್ನಡದಲ್ಲೇ ಓದಿಸಲಿ, ಪ್ರಕಟಿಸಲಿ. ಪ್ರತಿ ಪ್ರಬಂಧಕ್ಕೂ ಒಂದೇ ನಿಯಮವಿರಲಿ: ಹೇಳಿದ ಮಾತಿಗೆಲ್ಲ ಆಧಾರ ಕೊಡಬೇಕು, ಊರಿನ ಹೊಗಳಿಕೆಗೆ ಅಂಕವಿಲ್ಲ. ಹಳೆಯ ವಹಿ, ಪತ್ರ, ಜಪ್ತಿಯ ನೋಟಿಸು ಮನೆಯ ಮೆತ್ತಿನ ಮೇಲೆ ಇರುವವರು ಅವನ್ನು ಗೆದ್ದಲಿಗೆ ಬಿಡದೆ ಕಾಲೇಜಿಗೆ ತೋರಿಸಲಿ. ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಮಗಳೋ ಮಗನೋ ಇತಿಹಾಸ ಓದುತ್ತೇನೆ ಎಂದರೆ ತಡೆಯಬೇಡಿ. ಅದರ ಬದಲು, ಈ ವರ್ಷ ಓದಿದ ಪ್ರಪಂಚದ ಇತಿಹಾಸದಲ್ಲಿ ನಮ್ಮ ತಾಲೂಕು ಎಲ್ಲಿ ಬರುತ್ತದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಅದೇ ಪ್ರಶ್ನೆಯನ್ನು ಕಾಲೇಜಿಗೂ ಕೇಳಿ.